ಕಡ ತಂದ ಆಕ್ಸಲ್

ಮೂಡಬಿದಿರೆಯಿಂದ ವಾಮದಪದವಿಗೆ ಬರುವ ಬಸ್ಸಿನಲ್ಲಿ ಆ ಶುಕ್ರವಾರ ಒಂದು ಜಗಳವಾಯಿತು. ಒಂದು ಕಡೆ ಕಂಡಕ್ಟರ್. ಇನ್ನೊಂದು ಕಡೆ ತೋಡಾರಿನ ತ್ಯಾಂಪಣ್ಣ ಶೆಟ್ಟರು. ಶೆಟ್ಟರ ತೊಡೆಯ ಮೇಲೆ ಜರಿಶಾಲಿನಲ್ಲಿ ಸುತ್ತಿದ ಉದ್ದನೆಯ ಗಂಟು. ಪಕ್ಕದ ಸೀಟಿನಲ್ಲಿ ನಾನು.

“ಅದೆಂಥದು ಶೆಟ್ರೇ?”

“ಆಕ್ಸಲ್.”

“ಹಾಗಾದ್ರೆ ಟಾಪಿಗೆ ಹಾಕಿ. ಲಗೇಜು ಅದು.”

“ಟಾಪಿಗಾ? ನಿನ್ನ ಹೆಂಡತಿಯ ಚಿನ್ನವನ್ನು ನೀನು ಬಸ್ಸಿನ ಟಾಪಿಗೆ ಹಾಕ್ತೀಯಾ ಮಾರಾಯ?”

ಕಂಡಕ್ಟರ್ ನನ್ನ ಮುಖ ನೋಡಿದ. ನಾನು ಕಿಟಕಿಯಿಂದ ಹೊರಗೆ ನೋಡಿದೆ. ಕೊನೆಗೆ ಗಂಟಿಗೂ ಒಂದು ಟಿಕೆಟ್ ಮಾಡಿಸಿದ ಮೇಲೆ ಬಸ್ಸು ಹೊರಟಿತು. ದಾರಿಯುದ್ದಕ್ಕೂ ಶೆಟ್ಟರು ಗಂಟಿನ ಮೇಲಿಂದ ಕೈ ತೆಗೆಯಲಿಲ್ಲ.

ಈ ಅಂಕಣದ ಓದುಗರಿಗೆ ನನ್ನ ಟ್ರ್ಯಾಕ್ಟರ್ ಹೊಸತಲ್ಲ. (ಟ್ರ್ಯಾಕ್ಟರೂ ಹೊಸತಲ್ಲ.) ಬೆಳ್ತಂಗಡಿಯ ಆಚೆಗಿನ ಎಸ್ಟೇಟೊಂದರಲ್ಲಿ ಯುದ್ಧಕಾಲದಿಂದ ದುಡಿದು ಬಣ್ಣ ಕಳೆದುಕೊಂಡ ಮುದುಕ ಅದು. ಅದನ್ನು ಕೊಂಡೆನೆಂದು ಬರೆದಾಗ ನಿಮ್ಮಲ್ಲಿ ಅನೇಕರು ನಕ್ಕಿರಿ. ಹೆಂಗಸು ಸ್ಟೇರಿಂಗ್ ಹಿಡಿದರೆ ಗದ್ದೆಯ ಅಂಚು ಉಳಿದೀತೇ ಎಂದು ಕೇಳಿದವರೂ ಇದ್ದರು. ಅಂಚು ಉಳಿದಿದೆ ಸ್ವಾಮಿ. ಮುರಿದದ್ದು ಆಕ್ಸಲ್.

ಸುಗ್ಗಿ ಬೆಳೆಗೆ ಉಳುತ್ತಿದ್ದೆ. ಮನೆಯೆದುರಿನ ದೊಡ್ಡ ಗದ್ದೆಯ ನಟ್ಟನಡುವೆ ಹಿಂದಿನ ಬಲಚಕ್ರದ ಕಡೆಯಿಂದ ‘ಟಣ್’ ಎಂದು ಕೇಳಿಸಿತು. ಅಷ್ಟೇ. ಆಮೇಲೆ ಇಂಜಿನ್ ಓಡುತ್ತದೆ, ಗೇರ್ ಬೀಳುತ್ತದೆ, ಹೊಗೆ ಬರುತ್ತದೆ, ಚಕ್ರ ಮಾತ್ರ ತಿರುಗುವುದಿಲ್ಲ. (ನಮ್ಮ ಕೆಲವು ಕಮಿಟಿಗಳ ಹಾಗೆ.)

ಬಂಟ್ವಾಳದ ಬಸ್ ಗ್ಯಾರೇಜಿನಿಂದ ಲಾರೆನ್ಸ್ ಬಂದ. ಒಳ್ಳೆಯ ಮೆಕ್ಯಾನಿಕ್. ಅವನು ಒಳ್ಳೆಯ ಮೆಕ್ಯಾನಿಕ್ ಎಂಬುದನ್ನು ನಾವು ಹೇಳುವ ಅಗತ್ಯವಿಲ್ಲ, ಅವನೇ ಹೇಳುತ್ತಾನೆ. ಕೆಸರಲ್ಲಿ ಮಂಡಿಯೂರಿ ನೋಡಿ ತೀರ್ಪು ಕೊಟ್ಟ: “ಆಕ್ಸಲ್ ಕಟ್. ಹೊಸತು ಮದ್ರಾಸಿನಿಂದಲೇ ಬರಬೇಕು. ಯಾವಾಗ ಬರ್ತದೆ ಅಂತ ಕೇಳ್ಬೇಡಿ.”

“ವೆಲ್ಡಿಂಗ್ ಮಾಡಿದರೆ?”

“ಮಾಡುವ. ರಸ್ತೆಯಲ್ಲಿ ಓಡ್ತದೆ. ಗದ್ದೆಗೆ ಇಳಿದ ಕೂಡಲೇ ಪುನಃ ಟಣ್.”

ಅಂಚಿನ ಮೇಲೆ ನಿಂತಿದ್ದ ಅಣ್ಣ ಕೆಮ್ಮಿದ. ನಮ್ಮ ಮನೆತನದಲ್ಲಿ ಭೂಮಿ ಹೆಣ್ಣುಮಕ್ಕಳದು, ಯಜಮಾನಿಕೆ ಅಣ್ಣನದು. ಟ್ರ್ಯಾಕ್ಟರ್ ಕೊಂಡದ್ದು ನಾನು. ಅಣ್ಣ ಮೊದಲಿನಿಂದಲೂ ಕೋಣಗಳ ಪಕ್ಷ.

“ಸುಮತೀ, ನೇಜಿ ಕಾಯುವುದಿಲ್ಲ,” ಎಂದ. ಸಸಿಮಡಿಯಲ್ಲಿ ನಾಟಿಗೆ ಬೆಳೆದು ನಿಂತ ಪೈರು ನನ್ನ ಕಣ್ಣಿಗೂ ಕಾಣುತ್ತಿತ್ತು. “ಆದಿತ್ಯವಾರದವರೆಗೆ ನೋಡ್ತೇನೆ. ಸೋಮವಾರ ಕೋಣ ಇಳಿಸ್ತೇನೆ. ಮೊದಲು ನಿನ್ನ ಟ್ರ್ಯಾಕ್ಟರನ್ನು ಎಳೆದು ರಸ್ತೆಗೆ ಹಾಕಿಸ್ತೇನೆ, ಮತ್ತೆ ಗದ್ದೆ ಹೂಡಿಸ್ತೇನೆ. ಆಮೇಲೆ ಅದು ಗುಜರಿಗೆ.”

ಕೋಣಗಳು ಟ್ರ್ಯಾಕ್ಟರನ್ನು ಎಳೆಯುವುದು! ವಾಮದಪದವಿನ ಅಂಗಡಿಗಳಲ್ಲಿ ಮುಂದಿನ ವರ್ಷದವರೆಗೆ ಬೇರೆ ಸುದ್ದಿಯೇ ಬೇಡ. ನನಗೆ ಸಿಟ್ಟು ನೆತ್ತಿಗೇರಿತು. “ಬಂದ ಹಾಗೆಯೇ ತನ್ನ ಕಾಲಿನಲ್ಲೇ ಹೊರಗೆ ಹೋಗ್ತದೆ ಅದು,” ಎಂದುಬಿಟ್ಟೆ.

ಹೇಳಿದ್ದು ಸುಲಭ. ಕಾಲೆಲ್ಲಿದೆ?

ಆಗ ನೆನಪಾಯಿತು. ಆ ಎಸ್ಟೇಟಿನಲ್ಲಿ ಇದರ ಜೋಡಿ ಇನ್ನೊಂದಿತ್ತು. ಅದನ್ನು ನನಗಿಂತ ಮೊದಲೇ ಕೊಂಡವರು ನಮಗೆ ದೂರದ ನೆಂಟರಾದ ತ್ಯಾಂಪಣ್ಣ ಶೆಟ್ಟರು. ಇಂಜಿನ್ ಜಾಮ್ ಆಗಿ ನಿಂತು ವರ್ಷಗಳೇ ಆದವು. ಆಕ್ಸಲಿಗೆ ಏನೂ ಆಗಿರಲಿಲ್ಲ. ಶುಕ್ರವಾರ ಬೆಳಿಗ್ಗೆಯೇ ಲಾರೆನ್ಸನನ್ನು ಕರೆದುಕೊಂಡು ತೋಡಾರಿಗೆ ಹೋದೆ.

ಟ್ರ್ಯಾಕ್ಟರ್ ಅಂಗಳದ ಮೂಲೆಯಲ್ಲಿತ್ತು. ಸ್ಟೇರಿಂಗಿಗೆ ಬಸಳೆ ಹಬ್ಬಿತ್ತು. ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಧೈರ್ಯ ಬಂದು ನೇರವಾಗಿ ಕೇಳಿದೆ: “ಇದರ ಆಕ್ಸಲ್ ಒಂದು ಕ್ರಯಕ್ಕೆ ಕೊಡ್ತೀರಾ?”

ಶೆಟ್ಟರ ಮುಖ ಕೆಂಪಾಯಿತು. “ಕ್ರಯಕ್ಕಾ? ಗುಜರಿ ಅಂಗಡಿ ಅಂತ ತಿಳ್ಕೊಂಡಿದ್ದೀಯಾ ನಮ್ಮ ಮನೆಯನ್ನು? ನಮ್ಮ ಟ್ರ್ಯಾಕ್ಟರಿಗೆ ಎಂಥದೂ ಆಗ್ಲಿಲ್ಲ. ಸ್ವಲ್ಪ ರೆಸ್ಟಿನಲ್ಲಿ ಉಂಟು, ಅಷ್ಟೇ.”

ಲಾರೆನ್ಸ್ ಬಾಯಿ ತೆರೆದ. ನಾನು ಅವನ ಕಾಲು ತುಳಿದೆ.

ತಪ್ಪು ನನ್ನದೇ. ಕೊಳ್ಳುತ್ತೇನೆಂದರೆ ನಿಮ್ಮದು ಸತ್ತಿದೆ ಎಂದ ಹಾಗಲ್ಲವೇ? ಅಡುಗೆಮನೆಗೆ ಹೋಗಿ ಶೆಟ್ಟರ ಹೆಂಡತಿ ಗಿರಿಜಕ್ಕನ ಹತ್ತಿರ ಕೂತೆ. ಅವರ ಮಗಳು ಶಾರದೆಯ ಮದುವೆಗೆ ನನ್ನ ಚಕ್ರಸರ ಹೋಗಿತ್ತು. ನಮ್ಮ ಕಡೆ ಇದೇನು ಹೊಸತೇ? ಮದುವೆ ಒಬ್ಬರದು, ಮದುಮಗಳ ಕುತ್ತಿಗೆಯ ಚಿನ್ನ ನಾಲ್ಕು ಮನೆಯದು. ಅದರಲ್ಲಿ ಯಾರಿಗೂ ನಾಚಿಕೆಯಿಲ್ಲ, ಕೊಟ್ಟವರಿಗೆ ಸ್ವಲ್ಪ ಜಂಬವೂ ಉಂಟು. ಶಾರದೆಯ ಧಾರೆಯ ಹೊತ್ತಿಗೆ ನಾನು ಮದುಮಗಳನ್ನು ನೋಡಿದೆನೆಂದು ನಿಮಗೆ ಅನಿಸುತ್ತದೆಯೇ? ಸರದ ಕೊಂಡಿ ಗಟ್ಟಿ ಕೂತಿದೆಯೇ ಎಂದು ನೋಡುತ್ತಿದ್ದೆ.

“ಗಿರಿಜಕ್ಕಾ, ನನಗೆ ಕ್ರಯಕ್ಕೆ ಬೇಡ. ಕಡ ಕೊಡಿ. ಹೊಸತು ಬಂದ ಕೂಡಲೇ ನಾನೇ ತಂದು ಕೈಯಲ್ಲಿ ಕೊಡ್ತೇನೆ.”

ಗಿರಿಜಕ್ಕ ಅಲ್ಲಿಂದಲೇ ಸ್ವರ ಎತ್ತಿದರು: “ಕೇಳಿತಾ? ಸುಮತಿ ಕಡ ಕೇಳುವುದು. ಕಡ ಕೇಳಿದವರಿಗೆ ಇಲ್ಲ ಹೇಳ್ಲಿಕ್ಕೆ ಆಗ್ತದಾ?”

ಜಗಲಿಯಿಂದ ಶೆಟ್ಟರ ಸ್ವರ, ಈಗ ಬಹಳ ಗಂಭೀರ: “ಕಡ ಆದ್ರೆ ಆದೀತು. ಆದ್ರೆ ಯಾರ ಕೈಯಲ್ಲೂ ಕಳಿಸುವುದಿಲ್ಲ. ನಾನೇ ತರ್ತೇನೆ.”

ಹೀಗೆ ಕೋಳಿಯನ್ನು ಎಬ್ಬಿಸಿ, ಟ್ರ್ಯಾಕ್ಟರನ್ನು ಮುರಕಲ್ಲಿನ ಮೇಲೆ ನಿಲ್ಲಿಸಿ, ಲಾರೆನ್ಸ್ ಆಕ್ಸಲ್ ಹೊರಗೆಳೆದ. ಗಿರಿಜಕ್ಕ ಪೆಟ್ಟಿಗೆಯಿಂದ ಜರಿಶಾಲು ತೆಗೆದು ಕೊಟ್ಟರು. ಬಸ್ಸಿನ ಜಗಳ ಆಗಲೇ ಹೇಳಿದೆ.

ಶನಿವಾರ ಕೆಲಸ ಶುರು. ಮೊದಲ ತಾಪತ್ರಯ ಜಾಕಿನದು. ತಿರುಗಿಸಿದಷ್ಟೂ ಜಾಕು ಕೆಸರಿಗೆ ಇಳಿಯಿತೇ ಹೊರತು ಟ್ರ್ಯಾಕ್ಟರ್ ಮೇಲೇಳಲಿಲ್ಲ. ಕೊನೆಗೆ ಪಡಿಮಂಚ ತರಿಸಿದೆ. ಕೊಯ್ಲಿನಲ್ಲಿ ಭತ್ತದ ಸೂಡಿ ಬಡಿಯುವ ಮರದ ಮಂಚ. ಅದನ್ನು ಕೆಸರಿನಲ್ಲಿ ಮಲಗಿಸಿ ಮೇಲೆ ಜಾಕು ಇಟ್ಟರೆ ಟ್ರ್ಯಾಕ್ಟರ್ ಮರ್ಯಾದೆಯಿಂದ ಎದ್ದಿತು.

ಚಕ್ರ ಕಳಚಿ, ಮುರಿದ ಆಕ್ಸಲಿನ ಹೊರತುಂಡು ಎಳೆದದ್ದಾಯಿತು. ಒಳತುಂಡು? ಗೇಣುದ್ದದ ಕಬ್ಬಿಣ, ತೋಳಿಗಿಂತ ಉದ್ದದ ಕೊಳವೆಯ ತುದಿಯಲ್ಲಿ, ಆಯಿಲಿನಲ್ಲಿ ಮಿಂದು ಗೇರಿಗೆ ಕಚ್ಚಿಕೊಂಡು ಕೂತಿದೆ. ಕೈ ಎಟುಕುವುದಿಲ್ಲ. ತಂತಿಯ ಕುಣಿಕೆ ಜಾರಿತು. ಕೊಕ್ಕೆಗೆ ಹಿಡಿತ ಸಿಗಲಿಲ್ಲ. ಬಂಟ್ವಾಳದಲ್ಲಿ ತಾನು ಬಿಚ್ಚದ ಬಸ್ಸಿಲ್ಲ ಎನ್ನುತ್ತಿದ್ದ ಲಾರೆನ್ಸನ ಬಾಯಿ ಮೊದಲ ಸಲ ಬಂದಾಯಿತು. “ಹಿಂದಿನ ಭಾಗ ಪೂರಾ ಬಿಚ್ಚಬೇಕಕ್ಕಾ. ಒಂದು ವಾರ,” ಎಂದ.

ಒಂದು ವಾರ! ಮೇಲೆ ಗುಡುಗು ಬೇರೆ. ನನಗೆ ಅಳು ಬರುವುದೊಂದು ಬಾಕಿ. ನೀರು ಗೇರಿನೊಳಗೆ ಹೋಗದ ಹಾಗೆ, ನಾಟಿಯ ಹೆಂಗಸರು ಮಳೆಗೆ ಬೆನ್ನ ಮೇಲೆ ಹಾಕಿಕೊಳ್ಳುವ ಎಲೆಯ ಕೊರಂಬನ್ನು ಕೊಳವೆಯ ಬಾಯಿಗೆ ಮುಚ್ಚಿ ಹಿಡಿದು ನಿಂತೆ. ಶೆಟ್ಟರು ಜರಿಶಾಲಿನ ಗಂಟಿಗೆ ಕೊಡೆ ಹಿಡಿದು ನಿಂತರು. ಅವರ ತಲೆ ನೆನೆಯುತ್ತಿತ್ತು.

ಬೆಳಗಿನಿಂದ ಅಂಚಿನಲ್ಲಿ ಕೈಕಟ್ಟಿ ನಿಂತಿದ್ದ ಅಣ್ಣ ಎತ್ತಲೋ ಹೋದ. ಕೋಣಗಳಿಗೆ ಹಗ್ಗ ತರಲು ಹೋದನೆಂದುಕೊಂಡೆ. ಮಳೆ ಬಿಡುವಾಗ ಬಂದ. ಕೈಯಲ್ಲಿ ಪೇರಳೆ ಕೊಯ್ಯುವ ಬಿದಿರು! ತುದಿ ಸೀಳಿ ಬಾಯಿ ಅಗಲಿಸಿದ ಕೋಲು; ಹಣ್ಣಿಗೆ ಸಿಕ್ಕಿಸಿ ತಿರುಚಿದರೆ ಸೀಳುಗಳು ಕಚ್ಚಿ ಹಿಡಿಯುತ್ತವೆ, ನಿಮಗೆ ಗೊತ್ತು.

“ಸರಿಯಿರಿ ಅತ್ಲಾಗಿ,” ಎಂದವನೇ ಅದನ್ನು ಕೊಳವೆಯೊಳಗೆ ತೂರಿಸಿದ. ತಡಕಿದ. ಒತ್ತಿದ. ತಿರುಚಿದ. ಮೆಲ್ಲಗೆ ಎಳೆದ. ಮೊದಲು ಜಾರಿತು. ಮತ್ತೆ ಒತ್ತಿ ತಿರುಚಿ ಎಳೆದ. ಬಂತು ನೋಡಿ, ಕಪ್ಪಗೆ ಎಣ್ಣೆ ಸುರಿಸುತ್ತಾ, ಬಿದಿರಿನ ಬಾಯಲ್ಲಿ ಕಬ್ಬಿಣದ ಪೇರಳೆ!

“ಅಣ್ಣಾ!” ಎಂದೆ.

“ನನ್ನ ಕೋಣಗಳಿಗೆ ಜಾಗ ಬೇಗ ಖಾಲಿ ಆಗಲಿ ಅಂತ,” ಎಂದ. ಆಮೇಲೆ ಚಕ್ರ ಕೂರಿಸುವವರೆಗೂ ಅವನು ಗದ್ದೆ ಬಿಟ್ಟು ಕದಲಲಿಲ್ಲ.

ಶೆಟ್ಟರು ಶಾಲು ಬಿಚ್ಚಿದರು. ಅಕ್ಕತಂಗಿಯರ ಬಳೆಯಳತೆ ಒಂದೇ ಇದ್ದ ಹಾಗೆ ಆಕ್ಸಲ್ ಸಲೀಸಾಗಿ ಒಳಗೆ ಹೋಗಿ ಕೂತಿತು. ನಾನು ಸೀಟಿಗೆ ಹತ್ತಿದೆ. ಗೇರ್ ಹಾಕಿದೆ. ಮೆಲ್ಲಗೆ ಕ್ಲಚ್ ಬಿಟ್ಟೆ. ಚಕ್ರ ಒಮ್ಮೆ ಕೆಸರು ಉಗುಳಿತು. ಮತ್ತೆ ಹಿಡಿಯಿತು. ಹೊರಟೇ ಬಿಟ್ಟಿತು!

ನೇರ ರಸ್ತೆಗೆ ಬಿಟ್ಟೆನೆಂದುಕೊಂಡಿರಾ? ಇಲ್ಲ. ಉಳಿದ ಅರ್ಧ ಗದ್ದೆಯನ್ನು ಉತ್ತು ಮುಗಿಸಿದೆ. ಆಮೇಲೆ ಅಂಚಿನ ದಾರಿ ಏರಿ, ತನ್ನ ಕಾಲಿನಲ್ಲೇ ಹೊರಗೆ ತಂದು, ಕೊಟ್ಟಿಗೆಯ ಮುಂದೆ, ಕೋಣಗಳ ಎದುರಿಗೇ ನಿಲ್ಲಿಸಿ ಹಾರ್ನ್ ಹೊಡೆದೆ. ಅಂಥ ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ. (ಮನೆಯವರು ಈ ಅಂಕಣ ಓದುವುದಿಲ್ಲ.) ಸೋಮವಾರ ಆ ಗದ್ದೆಗೆ ಇಳಿದದ್ದು ಕೋಣಗಳಲ್ಲ, ನೇಜಿ.

ಆದರೆ ಆ ಸಂಜೆ ನೋಡಬೇಕಾಗಿದ್ದದ್ದು ಶೆಟ್ಟರನ್ನು. ಮುಂಡು ಮೇಲೆ ಕಟ್ಟಿ, ಕೆಸರಿನಲ್ಲಿ ಬಲಚಕ್ರದ ಪಕ್ಕದಲ್ಲೇ ಓಡುತ್ತಿದ್ದರು. ಟ್ರ್ಯಾಕ್ಟರ್ ನೋಡಲಿಲ್ಲ, ನನ್ನನ್ನು ನೋಡಲಿಲ್ಲ, ಆ ಒಂದು ಚಕ್ರದ ನಡುಮಧ್ಯವನ್ನೇ ನೋಡುತ್ತಿದ್ದರು. “ನಮ್ಮದು! ನಮ್ಮದು ಎಳೆಯುವುದು ನೋಡಿ!” ಎಂದು ಕೂಗುವಾಗ ಅವರ ಕಣ್ಣಲ್ಲಿ ನೀರಿತ್ತು.

ಹೊರಡುವಾಗ ಒಂದು ಮಾತು ಕೇಳಿದರು. “ನಿನ್ನ ಆ ತುಂಡಾದ ಆಕ್ಸಲ್ ನನಗೆ ಕಡ ಕೊಡು. ನಮ್ಮದು ಬರುವವರೆಗೆ ಅಂಗಳದಲ್ಲಿ ಟ್ರ್ಯಾಕ್ಟರ್ ಕಾಲಿಲ್ಲದೆ ನಿಲ್ಲುವುದು ಬೇಡ.” ಎರಡು ತುಂಡನ್ನೂ ಅದೇ ಜರಿಶಾಲಿನಲ್ಲಿ ಸುತ್ತಿಕೊಟ್ಟೆ.

ನಿನ್ನೆ ಮೂಡಬಿದಿರೆಗೆ ಹೋದವಳು ತೋಡಾರಿಗೂ ಹೋಗಿ ಬಂದೆ. ಬಸಳೆಗೆ ಬೇರೆ ಚಪ್ಪರವಾಗಿದೆ. ಕೋಳಿಗೆ ಬೇರೆ ಬುಟ್ಟಿ. ಲಾರೆನ್ಸನಿಂದ ಆ ಮುರಿದ ತುಂಡುಗಳನ್ನೇ ಹಾಕಿಸಿ, ಚಕ್ರ ಕೂರಿಸಿ, ಶೆಟ್ಟರು ಟ್ರ್ಯಾಕ್ಟರಿಗೆ ಕೆಂಪು ಪೈಂಟ್ ಹೊಡೆಯುತ್ತಿದ್ದರು. ರಸ್ತೆಯಲ್ಲಿ ಹೋಗುವವರನ್ನೆಲ್ಲ ನಿಲ್ಲಿಸಿ ಹೇಳುತ್ತಾರೆ: “ಮೊನ್ನೆ ವಾಮದಪದವಿಗೆ ಹೋಗಿ ಗದ್ದೆ ಹೂಡಿ ಬಂತು.”

ನೀವೇ ಹೇಳಿ, ರಿಪೇರಿಯಾದದ್ದು ಯಾರ ಟ್ರ್ಯಾಕ್ಟರ್?