ತಿನ್ನುವ ಟೋಪಿ ಯಾರ ಪಾಲಿನದು

ಹಾಲಿವುಡ್ಡಿನ ನಮ್ಮ ಸ್ಟುಡಿಯೋದಲ್ಲಿ ಹೊಲಿಗೆ ಕೋಣೆಯ ವಿಲ್ಮಾ ಹ್ರುಷ್ಕಾ ಎಂದರೆ ತಾರೆಗಳೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು. ಡೆಲ್ಫಿನ್ ಹಾಲೊವೇ ಎಂಬ ಮಹಾತಾರೆಯ ಹೆಸರಿನಲ್ಲೇ ನಡೆಯುತ್ತಿದ್ದ ಹಾಸ್ಯ ಧಾರಾವಾಹಿಯ ಎಂಬತ್ತಮೂರು ಕಂತುಗಳಲ್ಲಿ ಆಕೆಯ ತಲೆಯೇರಿದ ಟೋಪಿಗಳೆಲ್ಲ ವಿಲ್ಮಾಳ ಕೈಯವು. ಎಂಬತ್ತನಾಲ್ಕನೆಯದೂ ತನ್ನದೇ ಆಗಬೇಕು, ಇಲ್ಲವಾದರೆ ಕತ್ತರಿ ಕೆಳಗಿಡುತ್ತೇನೆ ಎಂದು ಅವಳು ಹಟ ಹಿಡಿದದ್ದಕ್ಕೆ ಕಾರಣ ಬರಹಗಾರರಾದ ನಾವು.

ಟೀ ಕೂಟಕ್ಕೆ ಹೊರಟ ಡೆಲ್ಫಿನ್ ಕೇಕಿನ ಟೋಪಿ ಧರಿಸುತ್ತಾಳೆ, ಹಸಿವು ತಾಳದೆ ಅದನ್ನೇ ತಿನ್ನುತ್ತಾಳೆ ಎಂದು ನಾವು ಬರೆದೆವು. ಬರೆಯುವುದು ಸುಲಭ. ಅದಕ್ಕೇ ನಾವು ಆ ಕೆಲಸ ಹಿಡಿದದ್ದು.

ಮಂಗಳವಾರ ಎಲ್ಲರೂ ಕೂಡಿ ಕಂತನ್ನು ಓದುವುದು ಮುಗಿಯುವ ಮೊದಲೇ, ದೃಶ್ಯಗಳಿಗೆ ಬೇಕಾದ ವಸ್ತು ಒದಗಿಸುವ ಸಾಮಾನು ವಿಭಾಗದ ಯಜಮಾನ ಆರ್ವಿಲ್ ಟಟಲ್ ಎದ್ದು ನಿಂತ.

"ಬಾಯಿಗೆ ಹೋಗೋದೆಲ್ಲ ನಂದು ಕಣಮ್ಮ. ಸಂಘದ ನಿಯಮ."

"ತಲೆ ಮೇಲೆ ಕೂರೋದೆಲ್ಲ ನಂದು ಕಣಯ್ಯ. ಅದೂ ಸಂಘದ ನಿಯಮಾನೇ," ಎಂದಳು ವಿಲ್ಮಾ.

ನಮ್ಮಲ್ಲಿ ಒಂದು ಕಾರ್ಮಿಕ ಸಂಘದವರ ಕುರ್ಚಿಯನ್ನು ಇನ್ನೊಂದು ಸಂಘದವರು ಎತ್ತಿದರೂ ಕೆಲಸ ನಿಲ್ಲುತ್ತದೆ. ಬೆವರು ಒರೆಸಿಕೊಂಡ ನಿರ್ದೇಶಕ, "ಇಬ್ಬರೂ ಮಾಡಿ ತನ್ನಿ. ಶುಕ್ರವಾರ ಮಧ್ಯಾಹ್ನದ ತಾಲೀಮಲ್ಲಿ ನೋಡೋಣ," ಎಂದ.

ವಿಲ್ಮಾಳ ಮೊದಲ ಕೇಕು ದೀಪದ ಕಾವಿಗೆ ಕುಸಿದು ಬಟ್ಟೆ ತೊಡಿಸುವ ಗೊಂಬೆಯ ಭುಜದ ಮೇಲೆ ಹರಿಯಿತು. ಎರಡನೆಯದು ಕಿವಿಯವರೆಗೆ ಜಾರಿತು. ಮೂರನೆಯದನ್ನು ನೋಡಿ ನಾನು ನಕ್ಕೆ. ಸೂಜಿ ಹಿಡಿದವರ ಮುಂದೆ ನಗಬಾರದೆಂದು ಆಗ ಕಲಿತೆ. ನಾಲ್ಕನೆಯದಕ್ಕೆ ಅವಳು ಒಳಗೆ ಗಂಜಿ ಹಾಕಿದ ಗಟ್ಟಿ ಬಟ್ಟೆಯ ಬಟ್ಟಲು ಹೊಲಿದು, ಅದರ ಮೇಲೆ ನಿಂಬೆಯ ಕೇಕನ್ನು ಪದರ ಪದರವಾಗಿ ಕೂರಿಸಿದಳು. ಗಂಟೆಗಟ್ಟಲೆ ದೀಪದ ಕೆಳಗಿಟ್ಟರೂ ಒಂದು ಪದರವೂ ಬಾಗಲಿಲ್ಲ.

ಶುಕ್ರವಾರ ಆರ್ವಿಲ್ ತನ್ನ ಟೋಪಿ ತಂದ. "ಎಂಟು ಸಲ ವಾರ್ನಿಶ್ ಹೊಡ್ದಿದೀನಿ. ಎಡಗಡೆ ಅಂಚು ಮಾತ್ರ ಕೇಕು. ಅಲ್ಲೇ ಕಚ್ಚಿ, ಮೇಡಂ."

ಡೆಲ್ಫಿನ್ ಬಲಗಡೆ ಕಚ್ಚಿದಳು. ಲಟಕ್ಕೆಂದ ಸದ್ದು ಮೇಲಿನ ದೀಪದವರಿಗೂ ಕೇಳಿಸಿತು.

"ಆರ್ವಿಲ್," ಕೆನ್ನೆ ಹಿಡಿದುಕೊಂಡು ಕೇಳಿದಳು, "ಇದೇನು ಟೋಪೀನಾ, ಹೆಂಚಾ?"

ಆದರೂ ಆರ್ವಿಲ್ ಬಗ್ಗಲಿಲ್ಲ. "ಹೊಲಿಗೆಯವಳು ತಿಂಡಿ ತಂದ್ರೆ ನನ್ನ ಹುಡುಗರು ಕೈ ಕಟ್ಕೊಂಡು ಕೂರ್ತಾರೆ."

ಸಂಜೆಯ ಚಿತ್ರೀಕರಣ ನೋಡಲು ಮುನ್ನೂರು ಜನ ಪ್ರೇಕ್ಷಕರು ಆಗಲೇ ಹೊರಗೆ ಸಾಲುಗಟ್ಟಿದ್ದರು. ವಿಲ್ಮಾ ಬಾಯಲ್ಲಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದಳು.

"ಮೊದಲ ತುತ್ತಿನವರೆಗೆ ಅದು ಟೋಪಿ, ನಂದು. ಕಚ್ಚಿದ ಕ್ಷಣದಿಂದ ತಿಂಡಿ, ನಿಂದು. ತಟ್ಟೆ ಹಿಡ್ಕೊಂಡು ಸೋಫಾ ಹಿಂದೆ ನಿಂತ್ಕೋ. ಏನಂತೀಯಾ?"

ಆರ್ವಿಲ್ ಲೆಕ್ಕ ಹಾಕಿದ. ತಪ್ಪು ಸಿಗಲಿಲ್ಲ. "ಬರೆದು ಕೊಡು," ಎಂದ. ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಅವನ ತಟ್ಟೆಯ ಹಿಂಬದಿಗೇ ಬರೆದುಕೊಟ್ಟಳು.

ಸಂಜೆ ಡೆಲ್ಫಿನ್ ಕಚ್ಚಿದಳು, ಸಭೆ ಹೊರಳಾಡಿ ನಕ್ಕಿತು, ಅದೇ ಗಳಿಗೆಗೆ ನಡುವಿನ ಕ್ಯಾಮೆರಾದಲ್ಲಿ ಫಿಲ್ಮು ಸಿಕ್ಕಿಕೊಂಡಿತು. "ಮತ್ತೊಮ್ಮೆ ತೆಗೀಬೇಕು," ಎಂದ ನಿರ್ದೇಶಕ. ಟೋಪಿಯ ಅರ್ಧ ಆಕೆಯ ಹೊಟ್ಟೆಯಲ್ಲಿ, ಉಳಿದರ್ಧ ಆರ್ವಿಲ್‌ನ ತಟ್ಟೆಯಲ್ಲಿ.

"ಮುಗೀತು. ನಂದು ಒಂದೇ ಇದ್ದದ್ದು, ಅದೂ ಒಡೀತು," ಎಂದ ಆರ್ವಿಲ್, ಬೆರಳು ನೆಕ್ಕುತ್ತ.

ವಿಲ್ಮಾ ಆಗಲೇ ಎರಡನೇ ಡಬ್ಬ ಬಿಚ್ಚುತ್ತಿದ್ದಳು. ಒದ್ದೆಯಾಗುವ, ಹರಿಯುವ, ಕೊಳೆಯಾಗುವ ಉಡುಪು ಯಾವುದೇ ಇರಲಿ, ಹೊಲಿಗೆ ಕೋಣೆಯಲ್ಲಿ ಮೂರು ಪ್ರತಿ ಮಾಡುವುದು ರೂಢಿ. ಕೇಕಿಗೂ ಅವಳು ರೂಢಿ ಬಿಟ್ಟಿರಲಿಲ್ಲ. ಎರಡನೆಯ ಸಲ ಎಲ್ಲವೂ ಸರಿಯಾಯಿತು. ನಗು ಮೊದಲಿಗಿಂತ ಜೋರಾಗಿತ್ತು.

"ಇನ್ನೊಂದಿದ್ಯಾ?" ಆರ್ವಿಲ್ ಮೆಲ್ಲಗೆ ಕೇಳಿದ. "ನಿಂಬೆ ಚೆನ್ನಾಗಿ ಹಾಕಿದೀಯ."

"ಇದೆ. ಯಾರೂ ಕಚ್ಚಿಲ್ಲ. ಕೈ ತೆಗಿ."

ಮೂರನೆಯ ಟೋಪಿಯನ್ನು ತಲೆಗಿಟ್ಟುಕೊಂಡು, ಎರಡು ಪಿನ್ನು ಚುಚ್ಚಿ, ವಿಲ್ಮಾ ಬಸ್ ನಿಲ್ದಾಣದತ್ತ ನೆಟ್ಟಗೆ ನಡೆದಳು.