ಟೇಲರ್ ಆಂಟಿಯ ಬಟ್ಟೆ ನಕ್ಷತ್ರ

ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯ ವಾಸನೆ ನನಗೆ ಆಗುವುದಿಲ್ಲ. ಗೊತ್ತಿದ್ದೂ ಹೋದ ವಾರ ಮಗಳು ನನ್ನನ್ನು ನವಿ ಮುಂಬೈಯ ಐರೋಲಿಯ ನಮ್ಮ ಬಿಲ್ಡಿಂಗಿನ ಗೇಟಿನ ಪಕ್ಕ ಕೂತು ಆಲ್ಟರೇಶನ್ ಮಾಡುವವನ ಹತ್ತಿರ ಎಳೆದುಕೊಂಡು ಹೋದಳು. ಸೊಸೈಟಿಯ ವಾಟ್ಸಾಪ್ ಗ್ರೂಪಿನಲ್ಲಿ ಸೂಚನೆ ಬಂದಿತ್ತು. ಕೆಳಗೆ ಲಾಬಿಯಲ್ಲಿ ಕ್ರಿಸ್‌ಮಸ್ ಟ್ರೀ ಇಡುತ್ತಾರಂತೆ. ಒಂದೊಂದು ಫ್ಲ್ಯಾಟಿನವರು ಒಂದೊಂದು ಅಲಂಕಾರ ತರಬೇಕಂತೆ. ಅಂಗಡಿಯದ್ದು ಬೇಡವಂತೆ, ಖರ್ಚು ಕಡಿಮೆ ಇರಬೇಕಂತೆ, ಆದರೆ ಅದರಲ್ಲಿ ಮನೆಯವರದ್ದೇ ಏನೋ ಒಂದು ಅರ್ಥ ಇರಬೇಕಂತೆ. ಓದಿ ನಗು ಬಂತು. ನಗುವಂಥದ್ದೇನೂ ಅದರಲ್ಲಿ ಇರಲಿಲ್ಲ ಅನ್ನುವುದು ಬೇರೆ ಮಾತು.

ಆತ ಬಟ್ಟೆ ಚೂರುಗಳ ಚೀಲ ಬಿಚ್ಚಿ ಮಗಳ ಮುಂದೆ ಸುರಿದ. ಎಣ್ಣೆ, ಹೊಸ ಬಟ್ಟೆಯ ಗಂಜಿ, ಗುರುತು ಹಾಕುವ ಸೀಮೆಸುಣ್ಣ... ಮೂರೂ ಸೇರಿ ಮೂಗಿಗೆ ಬಡಿದದ್ದೇ ತಡ, ನಾನು ಚಿಕ್ಕಂದಿನಲ್ಲಿದ್ದ ಠಾಕುರ್ಲಿಯ ಚಾಳಿನಲ್ಲಿ, ಆ ವಠಾರದ ಟೇಲರ್ ಆಂಟಿಯ ಹೊಸ್ತಿಲ ಮೇಲೆ ನಿಂತಿದ್ದೆ.

ಅವರನ್ನು ನಾವೆಲ್ಲ ಕರೆಯುತ್ತಿದ್ದದ್ದೇ ಹಾಗೆ, ಟೇಲರ್ ಆಂಟಿ. ಕಲಬುರಗಿ ಕಡೆಯವರು, ಕ್ರಿಶ್ಚಿಯನ್ನರು. ಗಂಡನಿಗೆ ಡೊಂಬಿವಲಿಯ ಕಾರ್ಖಾನೆಯೊಂದರಲ್ಲಿ ಲೋಡಿಂಗ್ ಕೆಲಸ. ನಾವು ಉಡುಪಿ ಕಡೆಯವರು, ಅಪ್ಪ ಹೋಟೆಲಿನಲ್ಲಿ ಮ್ಯಾನೇಜರ್. ಆ ಚಾಳಿನಲ್ಲಿ ಕನ್ನಡದ ಮನೆಗಳೆಂದರೆ ಎರಡೇ, ಅವರದ್ದು ಮತ್ತು ಎದುರಿಗೆ ನಮ್ಮದು. ಅವರ ಕನ್ನಡ ಅಮ್ಮನಿಗೆ ಅರ್ಧ ತಿಳಿಯುತ್ತಿರಲಿಲ್ಲ. ಅಮ್ಮನ ಕನ್ನಡ ಕೇಳಿದರೆ ಅವರಿಗೆ ನಗು. "ಯಕ್ಕಾ, ನೀವು ಪುಸ್ತಕ ಓದಿದಂಗ ಮಾತಾಡ್ತೀರಿ ನೋಡ್ರಿ" ಅನ್ನುತ್ತಿದ್ದರು. ಆದರೂ ಸಂಜೆ ನೀರು ಬರುವ ತನಕ ಇಬ್ಬರೂ ಮೆಂತ್ಯ ಸೊಪ್ಪು ಬಿಡಿಸುತ್ತ ಹೊಸ್ತಿಲಲ್ಲಿ ಕೂತು ಮಾತಾಡಿದ್ದೇ ಮಾತಾಡಿದ್ದು.

ದೇವತೆಯಂಥ ಹೆಂಗಸು ಎಂದೆಲ್ಲ ಬರೆಯಲು ನನಗೆ ಇಷ್ಟವಿಲ್ಲ. ಹೇಳಿದ ದಿನಕ್ಕೆ ಒಂದು ಬ್ಲೌಸ್ ಕೊಟ್ಟವರಲ್ಲ. "ನಾಳಿ ಕೊಡ್ತೀನ್ರಿ, ಗುಂಡಿ ಅಷ್ಟ ಉಳದಾವ" ಎಂದರೆ ಬಟ್ಟೆಗೆ ಇನ್ನೂ ಕತ್ತರಿ ಬಿದ್ದಿಲ್ಲ ಎಂದೇ ಅರ್ಥ. ಚಾಳಿನ ಹೆಂಗಸರು ಬೈದುಕೊಂಡೇ ಮತ್ತೆ ಅವರ ಹತ್ತಿರವೇ ಹೋಗುತ್ತಿದ್ದರು. ಯಾಕೆಂದರೆ ಅವರು ಹೊಲಿದ ತೋಳು ಎಲ್ಲೂ ಹಿಡಿಯುತ್ತಿರಲಿಲ್ಲ, ಮತ್ತೆ ಅವರ ಮನೆಯಲ್ಲಿ ಕೂತರೆ ಹೊತ್ತು ಹೋದದ್ದೇ ಗೊತ್ತಾಗುತ್ತಿರಲಿಲ್ಲ.

ಅವರ ಕ್ರಿಸ್‌ಮಸ್ ಗಿಡ ಎಂದರೆ ಗಾಳಿಮರದ ಒಂದು ಕೊಂಬೆ. ಗಂಡ ಎಲ್ಲಿಂದಲೋ ಕಡಿದು ತರುತ್ತಿದ್ದರು. ಎಣ್ಣೆ ಡಬ್ಬದಲ್ಲಿ ಮರಳು ತುಂಬಿ, ಅದರಲ್ಲಿ ಹುಗಿದು, ಬಾಗಿಲ ಹೊರಗೆ ಪ್ಯಾಸೇಜಿನಲ್ಲಿ ನಿಲ್ಲಿಸಿದರೆ ಆಯಿತು. ಒಂದು ಸಲ ಅದಕ್ಕೆ ತೂಗುಹಾಕಲು ಹೊಳೆಯುವ ಗುಂಡು ತರುತ್ತೇನೆಂದು ಕಲ್ಯಾಣ್ ಮಾರ್ಕೆಟ್ಟಿಗೆ ಹೋದ ಆಂಟಿ ಬೆಲೆ ಕೇಳಿ ಬರಿಗೈಯಲ್ಲಿ, ಸಿಟ್ಟಾಗಿ ಬಂದರು.

"ಊದಿದ್ರ ಒಡಿಯೋ ಗುಂಡಿಗಿ ಅಷ್ಟ್ಯಾಕ ರೊಕ್ಕ ಕೊಡಬೇಕ್ರಿ ಯಕ್ಕಾ? ಅದರಾಗ ಏನದ? ಗಾಳಿ! ನಾ ನಮ್ಮ ಚಾಳದ ಮಂದೀದೇ ಹಾಕ್ತೀನಿ ಬಿಡ್ರಿ."

ಆವತ್ತಿನಿಂದ ಶುರುವಾದ ಪದ್ಧತಿ. ದೀಪಾವಳಿ ಮುಗಿದ ಮೇಲೆ ಮನೆಮನೆಗೆ ಹೋಗಿ ಕೇಳುತ್ತಿದ್ದರು, ಈ ವರ್ಷ ನಿಮ್ಮ ಮನ್ಯಾಗ ಏನ್ ಛಲೋ ಆತು? ಆ ಒಳ್ಳೆಯದಕ್ಕೆ ಸೇರಿದ ಬಟ್ಟೆಯ ಒಂದು ಚೂರು ಕೊಡಬೇಕು. ಮಗು ಹುಟ್ಟಿದ್ದರೆ ಅದರ ಜುಬಲಾದ್ದು, ಮದುವೆ ಗೊತ್ತಾಗಿದ್ದರೆ ಬ್ಲೌಸಿನದ್ದು, ಮಗಳು ಪಾಸಾಗಿದ್ದರೆ ಹಳೇ ಯೂನಿಫಾರ್ಮಿನದ್ದು. ಅದರಲ್ಲಿ ಹತ್ತಿ ತುಂಬಿ ನಕ್ಷತ್ರ, ಮೀನು, ಗಂಟೆ, ಬೆರಳುದ್ದದ ಅಂಗಿ ಎಲ್ಲ ಹೊಲಿದು ತೂಗಿಬಿಡುತ್ತಿದ್ದರು. ಚಾಳಿನವರೆಲ್ಲ ಬಂದು "ನಮ್ಮದೆಲ್ಲಿ? ನಮ್ಮದೆಲ್ಲಿ?" ಎಂದು ಹುಡುಕುವುದೇ ಹಬ್ಬ. ಏನೂ ಒಳ್ಳೆಯದಾಗದ ಮನೆಯವರು "ಕುಛ್ ನಹೀ ಹುವಾ" ಎಂದರೆ ಆಂಟಿ ಬಿಡುತ್ತಿರಲಿಲ್ಲ. "ಜೀವಂತ ಇದ್ದೀರಲಾ?" ಎಂದು ಅವರ ಹಳೇ ಟವೆಲಿನ ತುದಿಯನ್ನಾದರೂ ಕತ್ತರಿಸಿಕೊಂಡು ಬರುತ್ತಿದ್ದರು.

ಹಬ್ಬದ ಮುಂಚಿನ ಸಂಜೆ ಅವರ ಮನೆಯಲ್ಲಿ ಪ್ರಾರ್ಥನೆ. ಆಗ ಆಂಟಿ ಆ ಚೂರುಗಳನ್ನು ಒಂದೊಂದಾಗಿ ಮುಟ್ಟಿ, ಆ ಮನೆಯವರನ್ನು ನೆನೆದು, ಕಣ್ಣು ಮುಚ್ಚಿ ಬೇಡಿಕೊಳ್ಳುತ್ತಿದ್ದರು. ಮರಾಠಿ ಅಡ್ಡಹೆಸರುಗಳು ಅವರ ಬಾಯಿಗೆ ಬರುತ್ತಿರಲಿಲ್ಲ. "ಮೂಲಿಮನಿ ಕೂಸು... ನೀರಿನ ಟಾಕಿ ಮುಂದಿನ ಮನಿ ಸೊಸಿ..." ಎಂದೇ ದೇವರಿಗೆ ವಿಳಾಸ ಕೊಡುತ್ತಿದ್ದರು. ನಾನೂ ಅಣ್ಣನೂ ಬಾಗಿಲಲ್ಲಿ ನಿಂತು ಕಿಸಿಕಿಸಿ ನಗುತ್ತಿದ್ದೆವು, ಕೇಕಿನ ಆಸೆಗೆ.

ಒಂದು ವರ್ಷ ಅಣ್ಣನಿಗೆ ಕೆಲಸ ಸಿಕ್ಕಿತು, ನವಿ ಮುಂಬೈಯ ಒಂದು ಆಫೀಸಿನಲ್ಲಿ. ಮೊದಲ ಸಲ ಆಫೀಸಿಗೆ ಹೋಗಲು ರೆಡಿಮೇಡ್ ಪ್ಯಾಂಟ್ ತಂದ. ಉದ್ದವಾಯಿತು. ಟೇಲರ್ ಆಂಟಿ ಕಾಲಿನ ತುದಿ ಕತ್ತರಿಸಿ ಮಡಿಚಿ ಹೊಲಿದುಕೊಟ್ಟರು. ಉಳಿದ ನೀಲಿ ಚೂರನ್ನು ಅಣ್ಣನೇ ಅವರ ಕೈಗೆ ಕೊಟ್ಟ. ಅವನಿಗೆ ಕನ್ನಡ ಚೆನ್ನಾಗಿ ತಿಳಿಯುತ್ತಿತ್ತು, ಬಾಯಿ ಬಿಟ್ಟರೆ ಮಾತ್ರ ಹಿಂದಿ.

"ಆಂಟೀ, ಇಸ್ ಸಾಲ್ ಮೇರಾ ವಾಲಾ ಸಬ್‌ಸೇ ಊಪರ್, ಹಾಂ?"

"ಮ್ಯಾಲೇ ಹಾಕ್ತೀನಪ್ಪ ಸಾಹೇಬ. ತುದೀಗೇ ಹಾಕ್ತೀನಿ" ಎಂದರು ಆಂಟಿ.

ಡಿಸೆಂಬರ್ ಶುರುವಾಗಿತ್ತಷ್ಟೇ. ಬೆಳಗಿನ ಲೋಕಲ್ ರೈಲು, ಕಾಲಿಡಲು ಜಾಗವಿಲ್ಲದ ರಶ್. ಬಾಗಿಲಲ್ಲಿ ನೇತಾಡುತ್ತಿದ್ದ ಅಣ್ಣ ಮುಂಬ್ರಾದ ಹತ್ತಿರ ಕೈತಪ್ಪಿ ಬಿದ್ದ... ಇದರ ಬಗ್ಗೆ ಇದಕ್ಕಿಂತ ಹೆಚ್ಚು ಬರೆಯಲಾರೆ.

ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಒಲೆ ಹಚ್ಚಿದ್ದು ಟೇಲರ್ ಆಂಟಿ. ನನಗೆ ಜಡೆ ಹಾಕಿದ್ದು, ಅಪ್ಪನಿಗೆ ಚಹಾ ಕೊಟ್ಟದ್ದು, ಗೋಡೆಗೆ ತಲೆ ಜಜ್ಜಿಕೊಳ್ಳುತ್ತಿದ್ದ ಅಮ್ಮನನ್ನು ತಬ್ಬಿ ಕೂತದ್ದು ಎಲ್ಲ ಅವರೇ. ಯಂತ್ರದ ಮೇಲೆ ಬಟ್ಟೆ ಹೊದಿಸಿಬಿಟ್ಟಿದ್ದರು. ಆಮೇಲೆ ದೊಡ್ಡಪ್ಪನ ಹೆಂಡತಿ, ನಮ್ಮ ದೊಡ್ಡಮ್ಮ, ಊರಿನಿಂದ ಬಂದರು. ಬಂದವರೇ ಎಲ್ಲವನ್ನೂ ಕೈಗೆ ತೆಗೆದುಕೊಂಡರು. ಹದಿಮೂರನೇ ದಿನ ಅಣ್ಣನ ಬಟ್ಟೆಗಳನ್ನೆಲ್ಲ ಗಂಟು ಕಟ್ಟಿ ಕೊಟ್ಟುಬಿಡಲು ಹೊರಟಾಗ ಅಮ್ಮ, "ಒಂದು ಅಂಗಿ ಇರಲಿ ಅಕ್ಕ" ಎಂದು ಕೇಳಿದರು. ದೊಡ್ಡಮ್ಮ ಬಿಡಲಿಲ್ಲ. "ಇಟ್ಟುಕೊಳ್ಬಾರ್ದು ಮಾರಾಯ್ತಿ, ಅವನಿಗೆ ಬಿಡುಗಡೆ ಆಗುದಿಲ್ಲ" ಎಂದರು. ಒಂದು ಕರ್ಚೀಫನ್ನೂ ಉಳಿಸಲಿಲ್ಲ.

ಅದಾಗಿ ಕೆಲವು ದಿನಕ್ಕೆ ಎದುರುಮನೆಯ ಮುಂದೆ ಕೊಂಬೆ ನಿಂತಿತು. ತುದಿಯಲ್ಲಿ ನೀಲಿ ನಕ್ಷತ್ರ. ನನಗೆ ನೋಡಿದ ಕೂಡಲೇ ಗೊತ್ತಾಯಿತು. ಹೇಳಿದರೆ ಯಾರೂ ನಂಬುವುದಿಲ್ಲ, ನನಗೆ ಎಷ್ಟು ಖುಷಿಯಾಯಿತು ಎಂದರೆ, ಸ್ಕೂಲಿಗೆ ಹೋಗುವಾಗ ಬರುವಾಗ ತಲೆ ಎತ್ತಿ ಅದನ್ನೇ ನೋಡುತ್ತಿದ್ದೆ. ನಮ್ಮ ಮನೆಯಲ್ಲಿ ಒಂದು ನೂಲೂ ಇರಲಿಲ್ಲ. ಅಲ್ಲಾದರೂ ಇತ್ತಲ್ಲ.

ದೊಡ್ಡಮ್ಮನ ಕಣ್ಣಿಗೂ ಬಿತ್ತು. ಅದು ಯಾರ ಬಟ್ಟೆ ಎಂದು ಯಾರೋ ಹೇಳಿದರು. ಅವರು ಪ್ಯಾಸೇಜಿನಲ್ಲೇ ನಿಂತು, ನಾಲ್ಕು ಮನೆಗೆ ಕೇಳುವ ಹಾಗೆ, ತಮ್ಮ ಹರಕು ಹಿಂದಿಯಲ್ಲಿ ಶುರುಮಾಡಿದರು. ಒಳಗೆ ಬಂದು ಅಮ್ಮನಿಗೆ ಕನ್ನಡದಲ್ಲಿ ಹೇಳಿದ್ದು ನನಗೆ ಇವತ್ತಿಗೂ ಮರೆತಿಲ್ಲ.

"ಸತ್ತ ಹುಡುಗನ ಬಟ್ಟೆ ತೂಗ ಹಾಕಿದ್ದಾಳಲ್ಲ, ಇವಳಿಗೆ ಎಂತ ಧೈರ್ಯ! ಬದುಕಿದ್ದಾಗಲೇ ಅವನ ಬಟ್ಟೆ ತುಂಡು ತಗೊಂಡಿದ್ದಾಳೆ ಅಂತಾರೆ. ಒಬ್ಬೊಬ್ಬರ ಹೆಸರು ಹೇಳಿ, ಮುಟ್ಟಿ, ಮಣಮಣ ಮಾಡ್ತಾಳಂತೆ. ಮೈಮೇಲಿನ ಬಟ್ಟೆ ತುಂಡು ಯಾಕೆ ಕೇಳ್ತಾರೆ ಅಂತ ನಿಂಗೆ ಗೊತ್ತಿಲ್ವಾ?"

ಎಲುಬಿಲ್ಲದ ನಾಲಿಗೆ, ಹೇಗೆ ಬೇಕಾದರೂ ಹೊರಳುತ್ತದೆ. ಊರಲ್ಲಿ ಅದಕ್ಕೆ ಮಾಟ ಅನ್ನುತ್ತಾರೆ, ಚಾಳಿನಲ್ಲಿ ಕರಣಿ ಅಂದರು. ಸಂಜೆಯ ಹೊತ್ತಿಗೆ ಮಾತು ಕೊನೆಯ ಮನೆಯನ್ನೂ ಮುಟ್ಟಿತ್ತು. ಒಂದು ಮನೆಯ ಮಗುವಿಗೆ ಆ ವರ್ಷ ಜ್ವರ ಬಂದಿತ್ತಂತೆ. ಇನ್ನೊಂದು ಮನೆಯ ಹುಡುಗಿಗೆ ಗೊತ್ತಾದ ಮದುವೆ ಮುರಿದಿತ್ತಂತೆ. ಇಷ್ಟು ವರ್ಷ ಕೇಕು ತಿಂದು ಬಾಯಿ ಒರೆಸಿಕೊಂಡವರಿಗೆ ಅವತ್ತು ಎಲ್ಲವೂ ಒಟ್ಟಿಗೇ ನೆನಪಾಯಿತು ನೋಡಿ!

ಪ್ರಾರ್ಥನೆಯ ಸಂಜೆಯೇ ಹೆಂಗಸರು ಬಂದರು. ಜಗಳ ಮಾಡಲಿಲ್ಲ. ಅದೇ ಹೆಚ್ಚು ಕೆಟ್ಟದ್ದು. ಒಬ್ಬೊಬ್ಬರಾಗಿ ಬಂದು, ಮುಖ ನೋಡದೆ, "ಹಮಾರಾ ವಾಲಾ ದೇ ದೋ" ಎಂದು ಕೈ ಚಾಚಿದರು. ಆಂಟಿಗೆ ಮೊದಲು ಅರ್ಥವೇ ಆಗಲಿಲ್ಲ, ಯಾರೋ ತಮಾಷೆ ಮಾಡುತ್ತಿದ್ದಾರೆಂದು ನಕ್ಕರು. ಅರ್ಥವಾದ ಮೇಲೆ ಕತ್ತರಿ ತಂದರು. ದಾರ ಕತ್ತರಿಸಿ ಮೂಲೆಮನೆಯ ಮೀನು ಅವರಿಗೆ, ಟಾಕಿ ಮುಂದಿನ ಮನೆಯ ಗಂಟೆ ಅವರಿಗೆ, ಒಂದೂ ತಪ್ಪದೆ ಕೊಟ್ಟರು. ಕೆಲವರು ಅಲ್ಲೇ ಹೊಲಿಗೆ ಬಿಚ್ಚಿ ಹತ್ತಿಯೊಳಗೆ ಏನಾದರೂ ಇದೆಯಾ ಎಂದು ಹಿಸುಕಿ ನೋಡಿದರು. ಛೀ! ನೆನೆದರೆ ಈಗಲೂ ಮೈ ಉರಿಯುತ್ತದೆ.

ಕೊಂಬೆ ಬೋಳಾಯಿತು. ತುದಿಯ ನೀಲಿ ನಕ್ಷತ್ರ ಮಾತ್ರ ಉಳಿಯಿತು, ಅದನ್ನು ಮುಟ್ಟುವವರು ಯಾರೂ ಇರಲಿಲ್ಲ. ಆಂಟಿ ಸ್ಟೂಲ್ ಹತ್ತಿ ಅದನ್ನು ಬಿಡಿಸಿ, ಅಂಗೈಯಲ್ಲಿಟ್ಟುಕೊಂಡು ನಮ್ಮ ಬಾಗಿಲಿಗೆ ಬಂದರು. ಅಮ್ಮನೇ ಎದ್ದು ಹೋದರು.

"ಯಕ್ಕಾ, ನಿಮ್ಮ ಹುಡುಗಂದು. ಮ್ಯಾಲೆ ಹಾಕು ಅಂದಿದ್ದ, ಹಾಕಿದ್ದೆ. ತಪ್ಪಾಗಿದ್ರ ಬಯ್ರಿ, ಹೊಡೀರಿ. ಇದನ್ನ ಬ್ಯಾಡನ್ನಬ್ಯಾಡ್ರಿ."

ಅಮ್ಮನ ಕೈ ಮುಂದೆ ಹೋದದ್ದನ್ನು ನಾನು ಕಂಡೆ. ಇದು ನನ್ನ ಕಲ್ಪನೆಯಲ್ಲ, ಬೆರಳು ಬಟ್ಟೆಗೆ ತಾಗುವಷ್ಟು ಹತ್ತಿರ ಹೋಗಿತ್ತು. ಹಿಂದೆ ದೊಡ್ಡಮ್ಮ ಕೆಮ್ಮಿದರು. ಅಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು.

"ನನ್ನ ಮಗನನ್ನು ತಿಂದದ್ದು ಸಾಕಾಗ್ಲಿಲ್ವಾ ನಿಂಗೆ?"

ಆಂಟಿಯನ್ನು 'ನೀವು' ಎಂದಲ್ಲದೆ ಇನ್ನೊಂದು ಮಾತಾಡಿದವರಲ್ಲ ನಮ್ಮ ಅಮ್ಮ. ಬಾಗಿಲು ಹಾಕಿ ಚಿಲಕ ಜಡಿದರು.

ಇಂಥ ಕಡೆ ಬರೆಯುವವರು 'ನಾನಾದರೂ ಬಾಗಿಲು ತೆಗೆಯಬೇಕಿತ್ತು' ಎಂದು ಎದೆ ಬಡಿದುಕೊಳ್ಳುತ್ತಾರೆ. ನನಗೆ ಅದು ಬೇಡ. ನಾನು ಸ್ಕೂಲಿಗೆ ಹೋಗುವ ಹುಡುಗಿ. ತಪ್ಪು ಯಾರದ್ದೆಂದು ನನಗೆ ಆವತ್ತೂ ಗೊತ್ತಿತ್ತು, ಇವತ್ತೂ ಗೊತ್ತಿದೆ. ಮನೆ ಸುಟ್ಟು ದೊಡ್ಡಮ್ಮ ಹಾಯಾಗಿ ಊರಿನ ಬಸ್ಸು ಹತ್ತಿದರು.

ಆಮೇಲೆ ಯಾರೂ ಆಂಟಿಗೆ ಬಟ್ಟೆ ಕೊಡಲಿಲ್ಲ. ಕೊಟ್ಟದ್ದನ್ನೂ ಹೊಲಿಯದೆಯೇ ವಾಪಸ್ ತೆಗೆದುಕೊಂಡು ಹೋದರು. ಟೇಲರಿನ ಕೈಗೆ ಬಟ್ಟೆ ಬಾರದಿದ್ದರೆ ಮನೆ ನಡೆಯುವುದಾದರೂ ಹೇಗೆ? ಬೇಸಿಗೆ ರಜೆ ಬರುವ ಮೊದಲೇ ಒಂದು ದಿನ ಟೆಂಪೋ ಬಂತು. ಯಂತ್ರವನ್ನು ಗಂಡನೂ ಡ್ರೈವರನೂ ಹಿಡಿದು ಏರಿಸಿದರು. ಆಂಟಿ ನನ್ನ ಕೆನ್ನೆ ಸವರಿ, "ಛಂದಾಗಿ ಓದವ್ವಾ" ಅಂದರು. ನಮ್ಮ ಬಾಗಿಲು ಮುಚ್ಚಿಯೇ ಇತ್ತು. ದೊಡ್ಡವಳಾಗಿ ಕೆಲಸಕ್ಕೆ ಸೇರಿದ ಮೇಲೆ ಒಂದು ಭಾನುವಾರ ಕಲ್ಯಾಣಿನಲ್ಲಿ ಅವರು ಹೋಗುತ್ತಿದ್ದ ಕನ್ನಡದ ಪ್ರಾರ್ಥನೆಗೆ ಹುಡುಕಿಕೊಂಡು ಹೋದೆ. ಆಂಟಿ ಊರಿಗೆ ಹೋಗಿ, ಅಲ್ಲೇ ತೀರಿಕೊಂಡು ಬಹಳ ಕಾಲವಾಯಿತು ಎಂದರು ಅಲ್ಲಿದ್ದವರು...

ಮಗಳು ಆಲ್ಟರೇಶನ್ನಿನವನ ಹತ್ತಿರದಿಂದ ತಂದ ಚೂರುಗಳನ್ನು ನಮ್ಮ ಹಾಲಿನ ನೆಲದ ಮೇಲೆ ಹರಡಿಕೊಂಡಳು. ಆದರೆ ಅವು ಯಾರ್‍ಯಾರದ್ದೋ ಪ್ಯಾಂಟಿನ ತುದಿಗಳು, ನಮ್ಮ ಮನೆಯ ಅರ್ಥ ಅದರಲ್ಲಿ ಎಲ್ಲಿಂದ ಬರಬೇಕು? ಅಪ್ಪ ಹೋದ ಮೇಲೆ ಅಮ್ಮ ನಮ್ಮ ಜೊತೆಗೇ ಇದ್ದಾರೆ. ಮಗಳು ಕತ್ತರಿ ಹಿಡಿದು ಅವರ ಹತ್ತಿರ ಹೋದಳು. "ನಾನೀ, ಆಪ್‌ಕೀ ಪುರಾನೀ ಸಾಡೀ ಕಾ ಛೋಟಾ ಸಾ ಪೀಸ್ ಲೂಂ?"

ಅಮ್ಮ ಸೆರಗು ಎಳೆದುಕೊಂಡರು. "ಬಟ್ಟೆ ತುಂಡು ಹೊರಗೆ ಕೊಡ್ಬಾರ್ದು."

ಸಿಟ್ಟು ನನ್ನ ತಲೆಗೆ ಏರಿತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಮಗಳ ಮುಂದೆಯೇ ಹೊರಗೆ ಬಂತು. "ಇನ್ನೂ ಬಿಟ್ಟಿಲ್ವಾ ನೀನು ಅದನ್ನು? ಅಣ್ಣ ಗಾಡಿಯಿಂದ ಬಿದ್ದ ಅಮ್ಮ. ಬಾಗಿಲಲ್ಲಿ ನೇತಾಡ್ತಿದ್ದ, ಬಿದ್ದ. ಯಾರೂ ಎಂತದೂ ಮಾಡ್ಲಿಲ್ಲ. ಒಬ್ಬ ಹೆಂಗಸಿನ ಅನ್ನ ಕಿತ್ಕೊಂಡ್ರಿ ಎಲ್ಲರೂ ಸೇರಿ."

ಅಳುತ್ತಾರೆ ಅಂದುಕೊಂಡೆ, ಇಲ್ಲ ಬೈಯುತ್ತಾರೆ. ಅಮ್ಮ ನೆಲದ ಮೇಲಿನ ಚೂರುಗಳನ್ನು ನೋಡುತ್ತ ಕೂತರು.

"ಗೊತ್ತುಂಟು" ಅಂದರು.

"ಎಂತ ಗೊತ್ತುಂಟು?"

"ಅವನು ಬಿದ್ದದ್ದು ಅಂತ. ಆವತ್ತೂ ಗೊತ್ತಿತ್ತು. ನಂಗೇನು ಹುಚ್ಚಾ?"

ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ಅದನ್ನು ಅಷ್ಟು ತಣ್ಣಗೆ ಒಪ್ಪಿಕೊಂಡವರನ್ನು ನಾನು ಕಂಡಿರಲಿಲ್ಲ. ಕೇಳಿದೆ, "ಮತ್ತೆ ಯಾಕೆ ಬಾಗಿಲು ಹಾಕಿದ್ದು?"

"ರೈಲಿನ ಮುಖಕ್ಕೆ ಬಾಗಿಲು ಹಾಕ್ಲಿಕ್ಕೆ ಆಗ್ತದಾ? ಇವಳು ಬಾಗಿಲಿಗೆ ಬಂದಿದ್ದಳು."

ತಬ್ಬಿಕೊಳ್ಳಬೇಕು ಅನಿಸಲಿಲ್ಲ. ಸುಳ್ಳು ಯಾಕೆ ಹೇಳಲಿ? ಅಲ್ಲಿಂದ ಎದ್ದು ಅಡುಗೆಮನೆಗೆ ಹೋದೆ. ನಮ್ಮ ಫ್ಲ್ಯಾಟಿನಿಂದ ಏನೂ ಬರುವುದಿಲ್ಲ ಎಂದು ಗ್ರೂಪಿನಲ್ಲಿ ಬರೆದು ಹಾಕಿದೆ. ಮಗಳು ಮುಖ ಊದಿಸಿಕೊಂಡು ಚೂರುಗಳನ್ನೆಲ್ಲ ಚೀಲಕ್ಕೆ ತುಂಬಿದಳು.

ಊಟದ ಹೊತ್ತಿಗೆ ಅಮ್ಮ ತಟ್ಟೆಯ ಮುಂದೆ ಕೂತು, ಅನ್ನ ಕಲಸುವುದನ್ನು ನಿಲ್ಲಿಸಿ ಕೇಳಿದರು, "ಅದನ್ನು ಅವಳು ಎಂತ ಮಾಡಿರ್ಬಹುದು?"

ಆ ನೀಲಿ ನಕ್ಷತ್ರವನ್ನು ಎಂದು ನನಗೆ ತಿಳಿಯಿತು. ಗೊತ್ತಿಲ್ಲ ಅಂದೆ. ನಿಜವಾಗಿಯೂ ಗೊತ್ತಿಲ್ಲ.