ಭಾಗ್ಯ ಮೇಡಂ ಕಂಡ ಉದ್ದನೆಯ ವರ್ಣತಂತು

...ಅಥವಾ ಅದು ಸ್ಟೂಲ್ ಅಲ್ಲವೇನೋ, ಲ್ಯಾಬಿನ ಬೆಂಚೇ ಇರಬೇಕು. ಸ್ಟೂಲಾಗಿದ್ದರೆ ಅವರ ಭಾರಕ್ಕೆ ಮುರಿದಿರುತ್ತಿತ್ತು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಉಸಿರು ಬಿಗಿಹಿಡಿದು ಮೇಲೆ ನಿಂತ ಭಾಗ್ಯ ಮೇಡಂ, ಕೈಯಲ್ಲಿ ಡ್ರಾಪರ್, ಕೆಳಗೆ ನೆಲದ ಮೇಲೆ ತಣ್ಣನೆಯ ಗಾಜಿನ ಸ್ಲೈಡು. ಇಷ್ಟು ಮಾತ್ರ ಖಚಿತ. ಇಲಿಯ ಮಜ್ಜೆಯಿಂದ ತೆಗೆದ ಜೀವಕೋಶಗಳ ಹನಿ ಅಷ್ಟು ಎತ್ತರದಿಂದ ಬಿದ್ದರೆ ಕೋಶ ಒಡೆದು ಒಳಗಿನ ವರ್ಣತಂತುಗಳು ಬಿಡಿಬಿಡಿಯಾಗಿ ಹರಡುತ್ತವೆ. ಒಮ್ಮೆ ಹನಿ ಪ್ರಿನ್ಸಿಪಾಲರ ಬೂಟಿನ ಮೇಲೆ ಬಿತ್ತು. "ಅಲ್ಲಾಡ್ಬೇಡಿ ಸಾರ್, ಒಣಗ್ಲಿ" ಅಂದರು ಮೇಡಂ. ಅಂದರೋ, ಆಮೇಲೆ ನಾವೇ ಸೇರಿಸಿಕೊಂಡು ನಕ್ಕೆವೋ.

ದೊಡ್ಡಬಳ್ಳಾಪುರದ ಆ ಕಾಲೇಜಿನಲ್ಲಿ ನಾವಿಬ್ಬರೂ ಅತಿಥಿ ಉಪನ್ಯಾಸಕರು. ನಾನು ಸಸ್ಯಶಾಸ್ತ್ರ, ಅವರು ಪ್ರಾಣಿಶಾಸ್ತ್ರ. "ಎಲೆ ಹಾಕ್ದೆ ಕೂರ್ಸಿರೋ ಅತಿಥಿಗಳು ಕಣ್ರೀ ನಾವು" ಅನ್ನುತ್ತಿದ್ದರು. ಪಿಎಚ್.ಡಿ. ಆದರೆ ಕೆಲಸ ಉಳಿಯುತ್ತದೆ, ಆಗದಿದ್ದರೆ ಇಲ್ಲ. ಅದಕ್ಕಾಗಿಯೇ ರಾಗಿ ಹೊಲದ ಪುಟ್ಟ ಇಲಿಗಳ ಹಿಂದೆ ಬಿದ್ದಿದ್ದರು.

"ಕಾಡುಕುರಿ ನೋಡಿ, ಅದೇ ಬೊಗಳೋ ಜಿಂಕೆ. ವರ್ಣತಂತು ಒಂದಕ್ಕೊಂದು ಸೇರ್ಕೊಂಡು ಸೇರ್ಕೊಂಡು ಹೆಣ್ಣಿಗೆ ಆರು, ಗಂಡಿಗೆ ಏಳು ಉಳಿದಿವೆ. ಚೀನಾದಲ್ಲಿರೋ ಅದರ ದಾಯಾದಿಗೆ ನಲವತ್ತಾರು! ಲೆಕ್ಕ ತಾಳೆಯಾಗ್ದಿದ್ರೆ ಕೂಡಿದ್ರೂ ಸಂತಾನ ಮುಂದುವರಿಯಲ್ಲ, ಕುಲಾನೇ ಬೇರೆಯಾಗುತ್ತೆ. ಪಾಲಾಗೋಕೆ ಜಗಳಾನೇ ಆಡ್ಬೇಕಾಗಿಲ್ಲ" ಅನ್ನುತ್ತಿದ್ದರು ಮೇಡಂ.

ಹತ್ತಿರದ ಮಧುರೆ ಎಂಬ ಹಳ್ಳಿಯ ರೈತ ಮುನಿಯಪ್ಪ ರಾಗಿ ಮೆದೆ ಎತ್ತುವ ದಿನ ಹೇಳಿಕಳಿಸುತ್ತಿದ್ದ. ಮೆದೆಯ ತಳದ ಕಂತೆ ಎತ್ತಿದಾಗ ಇಲಿಗಳು ದಿಕ್ಕಾಪಾಲಾಗಿ ಓಡುತ್ತವೆ. ಮೇಡಂ ಬಟ್ಟೆಚೀಲ ಹಿಡಿದು ಅವುಗಳ ಹಿಂದೆ. "ಮೇಡಂ, ಬಾಲ ಹಿಡೀಬೇಡಿ, ಕಿತ್ಕೊಂಡ್ ಬತ್ತದೆ!" ಎಂದು ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು.

ಹಾಗೆ ಹಿಡಿದ ಒಂದು ಇಲಿಯಲ್ಲಿ ಎರಡು ಗಿಡ್ಡ ವರ್ಣತಂತುಗಳು ತುದಿಗೆ ತುದಿ ಕೂಡಿ ಉದ್ದನೆಯ ಒಂದಾಗಿದ್ದವು. "ನೋಡ್ರೀ! ನಡುಗೋಡೆ ಕೆಡವಿ ಎರಡು ಮನೆ ಒಂದ್ಮಾಡ್ಕೊಂಡವ್ರೆ!" ಎಂದು ಕೂಗಿ ಸ್ಟಾಫ್ ರೂಮಿಗೆಲ್ಲ ಮದ್ದೂರು ವಡೆ ತರಿಸಿದರು. ಅವರ ಗೈಡು ಮಾತ್ರ, ಒಂದು ಇಲಿ ಸಾಲದು, ಅದೇ ಹೊಲದಿಂದ ಇನ್ನಷ್ಟು ಬೇಕು ಅಂದರು.

ಮರುವರ್ಷ ಮೆದೆ ಎತ್ತುವ ಹೊತ್ತಿಗೆ ಮೇಡಂಗೆ ಪರೀಕ್ಷೆಯ ಡ್ಯೂಟಿ. ಮುನಿಯಪ್ಪನೇ ತೂತು ಮಾಡಿದ ಡಬ್ಬದಲ್ಲಿ ಇಲಿಗಳನ್ನು ಕಾಲೇಜಿಗೆ ತಂದುಕೊಟ್ಟ. ಒಂದರಲ್ಲೂ ಆ ಉದ್ದನೆಯದಿಲ್ಲ. ಆಕಸ್ಮಿಕ, ಬಿಟ್ಟುಬಿಡಿ ಅಂದರು ಗೈಡು. ಮೇಡಂ ಆ ಅಧ್ಯಾಯವನ್ನೇ ತೆಗೆದರು. ಉಳಿದದ್ದರಲ್ಲಿ ಹೊಸದೇನೂ ಇರಲಿಲ್ಲ, ಪ್ರಬಂಧ ವಾಪಸ್ ಬಂತು.

ಮುನಿಯಪ್ಪನ ಮಗಳ ಮದುವೆ ಊಟದಲ್ಲಿ, ನಾನೂ ಪಕ್ಕದಲ್ಲೇ ಕೂತಿದ್ದಾಗ, ಅವನೇ ಉಪಚಾರದ ಮಾತಿಗೆ ಹೇಳಿದ.

"ಆವತ್ತಿನ ಇಲಿ ಸರಿ ಇದ್ವಾ ಮೇಡಂ? ನಂದಗುಡಿಯಿಂದ ಬಸ್ಸಲ್ಲಿ ತಂದಿದ್ದೆ. ನಮ್ಮ ಭಾಮೈದನ ಹೊಲದವು."

"ನಿನ್ ಹೊಲದವಲ್ವಾ?"

"ನಮ್ದು ಆಗ್ಲೇ ಲೇಔಟ್‌ನೋರಿಗೆ ಕೊಟ್ಬಿಟ್ಟಿದ್ನಲ್ಲ. ನೀವು ಬರಿಗೈಲಿ ಇರ್ಬಾರ್ದು ಅಂತ... ಇಲಿ ಅಂದ್ರೆ ಇಲಿ ತಾನೆ ಮೇಡಂ? ಇವು ಇನ್ನೂ ದುಂಡುದುಂಡಗಿದ್ವು."

ಮೇಡಂ ಬೈಯಲಿಲ್ಲ. ಎಲೆಯ ಮೇಲಿನ ಪಾಯಸ ಹರಿದು ಸಾರಿಗೆ ಸೇರುತ್ತಿತ್ತು, ತಡೆಯಲಿಲ್ಲ. ಅವರು ಅತ್ತರೆಂದು ನಮ್ಮ ಸಹೋದ್ಯೋಗಿಯೊಬ್ಬರು ಹೇಳುತ್ತಾರೆ. ಹಾಗೆನ್ನುವ ಆಕೆ ಆ ಮದುವೆಗೆ ಬಂದೇ ಇರಲಿಲ್ಲ.

ಮಾರನೆಯ ದಿನ ಇಬ್ಬರೂ ಮಧುರೆಗೆ ಹೋದೆವು. ಹೊಲವಿದ್ದಲ್ಲಿ ರೋಲರ್ ಓಡಿಸಿ ಗಟ್ಟಿಮಾಡಿದ ಕೆಂಪು ರಸ್ತೆ, ಚೌಕ ಚೌಕ ಸೈಟು, ನೆಟ್ಟ ಕಲ್ಲುಗಳು. ಒಂದು ಬಿಲವೂ ಇಲ್ಲ. ಮೇಡಂ ಗೈಡಿಗೆ ಎಲ್ಲವನ್ನೂ ವಿವರಿಸಿದರಂತೆ. "ಹೊಲ ಎಲ್ಲಿದೆ ತೋರ್ಸಿ" ಅಂದರಂತೆ ಅವರು. ಜೂನಿನಲ್ಲಿ ಮೇಡಂ ಜಾಗಕ್ಕೆ ಪಿಎಚ್.ಡಿ. ಆದ ಹುಡುಗನೊಬ್ಬ ಬಂದ.

ಕೊನೆಯ ಸಲ ಸಿಕ್ಕಿದ್ದು ಬಸ್‌ಸ್ಟ್ಯಾಂಡಿನಲ್ಲಿ. ಯಲಹಂಕದ ಟ್ಯೂಷನ್ ಸೆಂಟರಿಗೆ ಹೊರಟಿದ್ದರು. ಅಕ್ಕಪಕ್ಕದ ಹೊಲಗಳಲ್ಲಾದರೂ ಹುಡುಕಬಹುದಿತ್ತಲ್ಲ ಅಂದೆ.

"ಯಾಕೆ, ನಿಮ್ಗೇನು ಕೈಯಿಲ್ವಾ? ಹುಡುಕಿ. ಸಿಕ್ರೆ ನಂಗ್ಮಾತ್ರ ಹೇಳ್ಬೇಡಿ." ಬಸ್ಸು ಹತ್ತಿದರು. ತಿರುಗಿ ನೋಡಲಿಲ್ಲ.

ನಾನು ಹುಡುಕಿಲ್ಲ. ಆ ಹೊಲದಲ್ಲಿ ಅಂಥ ಇಲಿಗಳದೇ ಒಂದು ಕುಲವಿತ್ತೋ, ಅವರ ಚೀಲಕ್ಕೆ ಸಿಕ್ಕಿದ್ದೊಂದೇ ಹಾಗಿತ್ತೋ, ನನಗೆ ಗೊತ್ತಿಲ್ಲ.